ಉಂಡ ಮನೆಯ ಜಂತೆ: ಅನ್ನಾ ಲೂಯಿ ಸ್ಟ್ರಾಂಗ್ ಪತ್ರಕರ್ತೆಯೋ, ಪ್ರಚಾರಕಿಯೋ?

ಪ್ರಶ್ನೆ: ನಾನು ಪತ್ರಿಕೋದ್ಯಮದ ಎಂ.ಎ. ವಿದ್ಯಾರ್ಥಿನಿ. ಅಮೆರಿಕದಲ್ಲಿ ಹುಟ್ಟಿ, ಮೊದಲು ಸೋವಿಯತ್ ಒಕ್ಕೂಟದ, ಆಮೇಲೆ ಚೀನಾದ ಕಮ್ಯುನಿಸ್ಟ್ ಸರ್ಕಾರದ ಪರವಾಗಿ ಹೆಚ್ಚುಕಡಿಮೆ ಐವತ್ತು ವರ್ಷ ಬರೆದ ಅನ್ನಾ ಲೂಯಿ ಸ್ಟ್ರಾಂಗ್ ಅವರನ್ನು ಕುರಿತು ಸೆಮಿನಾರ್ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಕೆಲವರು ಅವರನ್ನು ಕ್ರಾಂತಿಯ ಕಣ್ಸಾಕ್ಷಿ ಎನ್ನುತ್ತಾರೆ, ಕೆಲವರು ಕೂಲಿಗೆ ಬರೆದ ಪ್ರಚಾರಕಿ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ? ಸ್ಟಾಲಿನ್ ಸರ್ಕಾರವೇ ಗೂಢಚಾರಿಣಿಯೆಂದು ಸೆರೆಗೆ ಹಾಕಿದ ಮೇಲೂ ಅವರು ತಿರುಗಿಬೀಳಲಿಲ್ಲ ಏಕೆ? ಅವರ ಬರಹವನ್ನು ಇಂದು ಆಕರವಾಗಿ ಬಳಸಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಆದ್ದರಿಂದ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಸ್ಟ್ರಾಂಗ್ ಅವರ ವೃತ್ತಿಜೀವನದ ದಾರಿಯನ್ನೇ ಹಿಡಿದು ಹೋಗುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಸ್ಟ್ರಾಂಗ್ ಅವರ ಬರಹದ ಬೆಲೆಯನ್ನು ಅವರ ರಾಜಕೀಯ ನಿಲುವಿನಿಂದ ಅಳೆಯಲಾಗದು, ಏಕೆಂದರೆ ಆ ನಿಲುವು 1917ರ ನಂತರ ಹೆಚ್ಚೇನೂ ಬದಲಾಗಲಿಲ್ಲ. ಬರಹದ ಗುಣ ಮಾತ್ರ ಏರಿತು, ಇಳಿಯಿತು, ಮತ್ತೆ ಏರಿತು, ಕೊನೆಗೆ ಪೂರ್ತಿ ಬತ್ತಿತು. ಆ ಏರಿಳಿತ ಹೊಂದಿಕೆಯಾಗುವುದು ಇನ್ನೊಂದು ಸಂಗತಿಗೆ. ಬರೆಯುವ ಹೊತ್ತಿನಲ್ಲಿ ಅವರು ಯಾರ ಸೂರಿನಡಿ ಇದ್ದರು, ವೀಸಾ ಯಾರ ಕೈಯಲ್ಲಿತ್ತು, ಆ ದೇಶದಿಂದ ಹೊರಬಿದ್ದರೆ ನಿಲ್ಲಲು ಬೇರೆ ನೆಲ ಇತ್ತೇ, ಮತ್ತು ಅವರು ಬರೆಯುತ್ತಿದ್ದದ್ದು ಇನ್ನೂ ಅಧಿಕಾರಕ್ಕಾಗಿ ಹೋರಾಡುತ್ತಿದ್ದವರ ಬಗ್ಗೆಯೋ ಅಧಿಕಾರ ಹಿಡಿದು ಕುಳಿತವರ ಬಗ್ಗೆಯೋ ಎಂಬುದನ್ನು ಪ್ರತಿ ಪುಟದಲ್ಲೂ ಕೇಳಿಕೊಂಡರೆ ನಿಮ್ಮ ಪ್ರಬಂಧಕ್ಕೆ ಬೇಕಾದ ಬೆನ್ನೆಲುಬು ಸಿಗುತ್ತದೆ.

ಸ್ಟ್ರಾಂಗ್ ಹುಟ್ಟಿದ್ದು 1885ರ ನವೆಂಬರ್ 24ರಂದು, ನೆಬ್ರಾಸ್ಕ ರಾಜ್ಯದ ಫ್ರೆಂಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಕಾಂಗ್ರಿಗೇಷನಲ್ ಪಂಥದ ಪಾದ್ರಿ. ಬಡವರ ಸೇವೆಯೇ ಕ್ರೈಸ್ತಧರ್ಮದ ತಿರುಳೆಂದು ನಂಬಿದ್ದ ಸುಧಾರಕ. ಮಗಳು 1908ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಾಗ ಇನ್ನೂ 23 ತುಂಬಿರಲಿಲ್ಲ. ಪ್ರಬಂಧದ ವಿಷಯ ಪ್ರಾರ್ಥನೆಯ ಮನಶ್ಶಾಸ್ತ್ರ. ಮುಂದೆ ಮಾಸ್ಕೋ, ಬೀಜಿಂಗ್‌ಗಳಿಂದ ಅವರು ಬರೆದದ್ದನ್ನು ಓದುವಾಗ ಈ ಸಂಗತಿ ನೆನಪಿರಲಿ. ಅವರ ವಾಕ್ಯಗಳಲ್ಲಿ ಮಾರ್ಕ್ಸ್‌ನ ತರ್ಕಕ್ಕಿಂತ ಚರ್ಚಿನ ಉಪದೇಶದ ಲಯ ಹೆಚ್ಚು ಕೇಳಿಸುತ್ತದೆ ಎಂಬುದು ನನ್ನ ಅನಿಸಿಕೆ. ಮಕ್ಕಳ ಆರೋಗ್ಯ ಮತ್ತು ಪಾಲನೆಯ ಬಗ್ಗೆ ಊರೂರುಗಳಲ್ಲಿ ದೊಡ್ಡ ವಸ್ತುಪ್ರದರ್ಶನಗಳನ್ನು ಏರ್ಪಡಿಸುವುದು ಅವರ ಮೊದಲ ಕಸುಬಾಗಿತ್ತು. ಜನರಿಗೆ ಅರ್ಥವಾಗುವಂತೆ ವಿಷಯವನ್ನು ಜೋಡಿಸಿ ತೋರಿಸುವ ಕಲೆ ಅಲ್ಲಿ ಕೈಗೂಡಿತು, ಅದು ಕೊನೆಯವರೆಗೂ ಕೈಬಿಡಲಿಲ್ಲ.

ಅವರನ್ನು ಪತ್ರಕರ್ತೆಯನ್ನಾಗಿ ಮಾಡಿದ್ದು ಸಿಯಾಟಲ್. 1916ರಲ್ಲಿ ಆ ನಗರದ ಶಾಲಾ ಮಂಡಳಿಗೆ ಅವರು ಚುನಾಯಿತರಾದರು. ಮಂಡಳಿಯಲ್ಲಿ ಅವರೊಬ್ಬರೇ ಮಹಿಳೆ. ಅದೇ ವರ್ಷದ ನವೆಂಬರಿನಲ್ಲಿ ಸಮೀಪದ ಎವರೆಟ್ ಬಂದರಿನಲ್ಲಿ ದೋಣಿಯಲ್ಲಿ ಬಂದಿಳಿಯುತ್ತಿದ್ದ ಕಾರ್ಮಿಕರಿಗೂ ಷೆರಿಫ್‌ನ ಕಡೆಯವರಿಗೂ ಗುಂಡಿನ ಕಾಳಗ ನಡೆದು ಹಲವರು ಸತ್ತರು. ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಅದರ ವರದಿ ಕಳಿಸುವ ಕೆಲಸ ಸ್ಟ್ರಾಂಗ್ ಅವರ ಪಾಲಿಗೆ ಬಂತು. ವರದಿ ಮಾಡಲು ಹೋದವರು ಪಕ್ಷ ವಹಿಸಿಕೊಂಡು ಮರಳಿದರು. ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದಕ್ಕಾಗಿ 1918ರಲ್ಲಿ ಮತದಾರರು ಅವರನ್ನು ಶಾಲಾ ಮಂಡಳಿಯಿಂದ ವಾಪಸು ಕರೆಸಿಕೊಂಡಾಗ, ಗೌರವಸ್ಥರ ಜಗತ್ತಿನಲ್ಲಿ ಅವರಿಗಿದ್ದ ಕುರ್ಚಿ ಹೋಯಿತು. ಉಳಿದದ್ದು ಕಾರ್ಮಿಕ ಸಂಘಗಳ ದಿನಪತ್ರಿಕೆ ‘ಯೂನಿಯನ್ ರೆಕಾರ್ಡ್’.

ಆ ಪತ್ರಿಕೆಯಲ್ಲಿ 1919ರ ಫೆಬ್ರವರಿ 4ರಂದು ಬಂದ ಅವರ ಸಂಪಾದಕೀಯವನ್ನು ನೀವು ತಪ್ಪದೆ ಓದಬೇಕು. ಎರಡು ದಿನಗಳ ನಂತರ ಸಿಯಾಟಲ್‌ನಲ್ಲಿ ಸಾರ್ವತ್ರಿಕ ಮುಷ್ಕರ ಶುರುವಾಗುವುದಿತ್ತು. ಸುಮಾರು 65,000 ಕಾರ್ಮಿಕರು ಕೆಲಸ ನಿಲ್ಲಿಸುವವರಿದ್ದರು. ಜನರಿಗೆ ಊಟ ಹಾಕುವವರು ಕಾರ್ಮಿಕರೇ, ಹಸುಗೂಸುಗಳನ್ನೂ ರೋಗಿಗಳನ್ನೂ ನೋಡಿಕೊಳ್ಳುವವರು ಅವರೇ, ಊರಿನ ಶಿಸ್ತು ಕಾಯುವವರೂ ಅವರೇ ಎಂದು ಹೇಳುತ್ತಾ ಹೋಗುವ ಆ ಬರಹ, ಈ ಹೆಜ್ಜೆ ಎಲ್ಲಿಗೆ ಒಯ್ಯುವುದೋ ಯಾರಿಗೂ ತಿಳಿಯದು ಎಂಬ ಮಾತನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕಿಸಿತು. ಊರಿನ ಶ್ರೀಮಂತರು ಆ ಮಾತಿಗೆ ಬೆಚ್ಚಿದರು. ಬೋಲ್ಷೆವಿಕ್ ಕ್ರಾಂತಿ ತಮ್ಮ ಬಾಗಿಲಿಗೇ ಬಂದಿದೆ ಎಂದುಕೊಂಡರು. ನಾಲ್ಕೈದು ದಿನಗಳಲ್ಲಿ ಮುಷ್ಕರ ಶಾಂತವಾಗಿ ಮುಗಿಯಿತು, ಏನೂ ಉರುಳಲಿಲ್ಲ. ನನಗೆ ಆ ಸಂಪಾದಕೀಯ ಮುಖ್ಯವಾಗುವುದು ಬೇರೆ ಕಾರಣಕ್ಕೆ. ತಾನು ಬೆಂಬಲಿಸುವ ಚಳವಳಿಯ ಗುರಿ ತನಗೇ ಗೊತ್ತಿಲ್ಲ ಎಂದು ಸ್ಟ್ರಾಂಗ್ ಮೊದಲ ಪುಟದಲ್ಲಿ ಬರೆಯಬಲ್ಲವರಾಗಿದ್ದರು. ಹತ್ತು ವರ್ಷಗಳ ನಂತರದ ಅವರ ಬರಹದಲ್ಲಿ ಅಂಥ ಮಾತು ಹುಡುಕಿದರೂ ಸಿಗುವುದಿಲ್ಲ.

ಮುಷ್ಕರದ ನಂತರ ಸಿಯಾಟಲ್ ಬಣಗುಟ್ಟಿತು, ಕಾರ್ಮಿಕ ಸಂಘಗಳು ಒಳಜಗಳದಲ್ಲಿ ಮುಳುಗಿದವು. 1921ರಲ್ಲಿ ಕ್ವೇಕರ್ ಪಂಥದವರ ಪರಿಹಾರ ಸಂಸ್ಥೆಯ ಮೂಲಕ ಪೋಲೆಂಡಿಗೂ ಅಲ್ಲಿಂದ ರಷ್ಯಾಕ್ಕೂ ಹೋದ ಸ್ಟ್ರಾಂಗ್, ವೋಲ್ಗಾ ನದಿಯ ದಂಡೆಯ ಸಮಾರಾ ಪ್ರಾಂತ್ಯದ ಬರಗಾಲವನ್ನು ಕಣ್ಣಾರೆ ಕಂಡರು, ಅಲ್ಲೇ ಟೈಫಸ್ ಜ್ವರ ಹತ್ತಿ ಸಾಯುವುದರಲ್ಲಿದ್ದರು. ಆ ಬರಗಾಲದ ಬಗ್ಗೆ ಅವರು ಬರೆದದ್ದರಲ್ಲಿ ಮುಚ್ಚುಮರೆಯಿಲ್ಲ. ಇದಕ್ಕೆ ಒಂದು ಸರಳ ಕಾರಣವಿತ್ತು: ಆ ಸಲ ಸೋವಿಯತ್ ಸರ್ಕಾರವೇ ಬರಗಾಲವನ್ನು ಒಪ್ಪಿಕೊಂಡಿತ್ತು, ಸಾಹಿತಿ ಗೋರ್ಕಿಯ ಮೂಲಕ ಜಗತ್ತಿನ ಮುಂದೆ ನೆರವು ಕೇಳಿತ್ತು. ಹಸಿವನ್ನು ವರದಿ ಮಾಡುವುದು ಆಗ ಸರ್ಕಾರಕ್ಕೂ ಬೇಕಾದ ಕೆಲಸವಾಗಿತ್ತು. ಈ ಸಂಗತಿಯನ್ನು ಗುರುತುಹಾಕಿಕೊಳ್ಳಿ. ಇನ್ನೊಂದು ಬರಗಾಲದ ಹೊತ್ತಿಗೆ ಇದಕ್ಕೆ ಮತ್ತೆ ಬರುತ್ತೇವೆ.

ಕೂಲಿಯ ಆರೋಪವನ್ನು ಇಲ್ಲಿಯೇ ಪರಿಶೀಲಿಸಬಹುದು. 1920ರ ದಶಕದಲ್ಲಿ ಮಾಸ್ಕೋದಿಂದ ಅವರು ಸುದ್ದಿ ಕಳಿಸುತ್ತಿದ್ದದ್ದು ಅಮೆರಿಕದ ಪತ್ರಿಕೋದ್ಯಮಿ ಹರ್ಸ್ಟ್ ಒಡೆತನದ ಸುದ್ದಿಸಂಸ್ಥೆಗೆ. ಮುಂದೆ ಕಮ್ಯುನಿಸ್ಟರ ಕಡುವೈರಿಯೆಂದು ಹೆಸರಾದ ಅದೇ ಹರ್ಸ್ಟ್! ಇದಲ್ಲದೆ ಅವರು ಆಗಾಗ ಅಮೆರಿಕಕ್ಕೆ ಬಂದು ಊರೂರು ಸುತ್ತಿ ಉಪನ್ಯಾಸ ಕೊಡುತ್ತಿದ್ದರು. ಟಿಕೆಟ್ ಕೊಂಡು ಬರುವ ಸಭಿಕರಿಂದ, ನಿಯತಕಾಲಿಕಗಳ ಸಂಭಾವನೆಯಿಂದ, ಪುಸ್ತಕಗಳಿಂದ ಜೀವನ ಸಾಗುತ್ತಿತ್ತು. ಆದ್ದರಿಂದ ಆ ಹೊತ್ತಿನ ಅವರನ್ನು ಕೂಲಿಯ ಲೇಖಕಿ ಎನ್ನುವುದು ಅನ್ಯಾಯ. ಅವರು ನಂಬಿದ್ದನ್ನೇ ಬರೆದರು. ಆದರೆ ನಂಬಿ ಬರೆದರೆಂಬುದು ಬರೆದದ್ದು ನಿಜವೆಂಬುದಕ್ಕೆ ಪುರಾವೆಯಾಗುವುದಿಲ್ಲ. ಕ್ರಾಂತಿಯ ರಷ್ಯಾವನ್ನು ಕುರಿತ ಅವರ 1924ರ ಪುಸ್ತಕಕ್ಕೆ ಮುನ್ನುಡಿ ಬರೆದವನು ಕ್ರಾಂತಿಯ ಮುಂಚೂಣಿ ನಾಯಕರಲ್ಲೊಬ್ಬನಾದ ಟ್ರಾಟ್‌ಸ್ಕಿ. ಸ್ಟ್ರಾಂಗ್ ಅವನಿಗೆ ಇಂಗ್ಲಿಷ್ ಪಾಠ ಹೇಳಿಕೊಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅವನು ದೇಶಭ್ರಷ್ಟನಾದ, ದೇಶದ್ರೋಹಿ ಎನಿಸಿದ, ಅವನ ಹೆಸರೆತ್ತುವುದೇ ಅಪಾಯವಾಯಿತು. ಸ್ಟ್ರಾಂಗ್ ಅವರ ನಿಷ್ಠೆ ಅವನ ಹಿಂದೆ ಹೋಗಲಿಲ್ಲ, ಸರ್ಕಾರದ ಬಳಿಯೇ ಉಳಿಯಿತು.

1930ರಲ್ಲಿ ಅವರು ಮಾಸ್ಕೋದಲ್ಲಿ ಇಂಗ್ಲಿಷ್ ಪತ್ರಿಕೆಯೊಂದನ್ನು ಹುಟ್ಟುಹಾಕಲು ಮುಂದಾದರು. ಅದೇ ‘ಮಾಸ್ಕೋ ನ್ಯೂಸ್’. ಮೊದಲ ಪಂಚವಾರ್ಷಿಕ ಯೋಜನೆಯ ಕಾಲ. ಅಣೆಕಟ್ಟು, ಕಾರ್ಖಾನೆಗಳ ಕೆಲಸಕ್ಕೆ ಸಾವಿರಾರು ಅಮೆರಿಕನ್ ಎಂಜಿನಿಯರುಗಳೂ ಕುಶಲ ಕಾರ್ಮಿಕರೂ ಬಂದಿಳಿಯುತ್ತಿದ್ದರು, ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಪತ್ರಿಕೆ ಬೇಕಿತ್ತು. ಆದರೆ ಪತ್ರಿಕೆಯಲ್ಲಿ ಹೆಸರು ಸ್ಟ್ರಾಂಗ್ ಅವರದು, ಅಧಿಕಾರ ಬೇರೆಯವರದು ಎಂಬಂತಾಯಿತು. ಓದುಗರಿಗೆ ಬೇಕಾದದ್ದು ಒಂದು, ಮೇಲಿನವರು ಅಚ್ಚುಮಾಡುತ್ತಿದ್ದದ್ದು ಇನ್ನೊಂದು. ರೋಸಿಹೋದ ಸ್ಟ್ರಾಂಗ್ ನೇರವಾಗಿ ಸ್ಟಾಲಿನ್‌ಗೇ ದೂರು ಬರೆದರು. ಕರೆ ಬಂತು. ಕೋಣೆಯಲ್ಲಿ ಸ್ಟಾಲಿನ್, ಅವನ ಆಪ್ತ ನಾಯಕರಾದ ಕಗನೋವಿಚ್, ವೊರೊಶಿಲೋವ್ ಇದ್ದರು, ಪತ್ರಿಕೆಯ ಇತರ ಜವಾಬ್ದಾರರೂ ಇದ್ದರು. ಎಲ್ಲರ ಮಾತು ಕೇಳಿ ವಿಷಯ ಅಲ್ಲೇ ಇತ್ಯರ್ಥವಾಯಿತು. ಮುಂದೆ ಪತ್ರಿಕೆ ದಿನಪತ್ರಿಕೆಯಾಯಿತು, ಚೀನಾದ ಕ್ರಾಂತಿಗೆ ಸೋವಿಯತ್ ಸಲಹೆಗಾರನಾಗಿ ಹೋಗಿದ್ದು ಅಲ್ಲಿಂದಲೇ ಅವರಿಗೆ ಪರಿಚಿತನಾಗಿದ್ದ ಬೊರೊದಿನ್ ಮುಖ್ಯ ಸಂಪಾದಕನಾದ. 1935ರಲ್ಲಿ ಬಂದ ಆತ್ಮಕಥೆಯಲ್ಲಿ ಸ್ಟ್ರಾಂಗ್ ಈ ಭೇಟಿಯನ್ನು ವಿವರವಾಗಿ, ಪುಲಕಿತರಾಗಿ ಬರೆದಿದ್ದಾರೆ. ಸ್ಟಾಲಿನ್ ಆಜ್ಞೆ ಮಾಡಲಿಲ್ಲ, ಎಲ್ಲರನ್ನೂ ಕೇಳಿದ, ಕೇಳಿದ್ದನ್ನು ಕೂಡಿಸಿ ಎಲ್ಲರಿಗೂ ಒಪ್ಪಿಗೆಯಾಗುವ ತೀರ್ಮಾನ ತೆಗೆದ ಎಂಬುದು ಅವರ ಕಥನದ ಸಾರ.

ಈ ಭಾಗವನ್ನು ನಿಧಾನವಾಗಿ ಓದಿ. ಅಲ್ಲಿ ವರದಿಗಾರ್ತಿಯ ಕಣ್ಣು ಇದೆ: ಯಾರು ಎಲ್ಲಿ ಕುಳಿತಿದ್ದರು, ಯಾರು ಯಾವಾಗ ಬಾಯಿ ತೆರೆದರು ಎಂಬ ಸೂಕ್ಷ್ಮಗಳು ಅವರಿಂದ ತಪ್ಪಿಸಿಕೊಂಡಿಲ್ಲ. ಆದರೆ ಒಂದು ಪತ್ರಿಕೆಯ ಸಂಪಾದಕೀಯ ಜಗಳ ಬಗೆಹರಿಯಲು ದೇಶದ ಅತ್ಯುನ್ನತ ನಾಯಕನ ಕೋಣೆಯವರೆಗೆ ಹೋಗಬೇಕಾಯಿತು ಎಂಬುದೇ ಆ ವ್ಯವಸ್ಥೆಯ ಬಗ್ಗೆ ಏನನ್ನೋ ಹೇಳುತ್ತದೆ ಎಂಬ ಕಡೆಗೆ ಅವರ ಗಮನವೇ ಹರಿಯಲಿಲ್ಲ. ತನ್ನ ದೂರಿಗೆ ಕಿವಿಗೊಟ್ಟವನನ್ನು ಅನುಮಾನಿಸುವುದು ಕಷ್ಟ. ಅಂದಿನಿಂದ ಮಾಸ್ಕೋದಲ್ಲಿ ಅವರು ಅರ್ಧ ಅತಿಥಿ, ಅರ್ಧ ನೌಕರೆ.

ಉಂಡ ಮನೆಯ ಜಂತೆ ಎಣಿಸಬಾರದೆಂಬ ಮಾತು ನಮ್ಮಲ್ಲಿದೆ. ಅತಿಥಿಗೆ ಅದು ಒಳ್ಳೆಯ ನಡತೆ. ವರದಿಗಾರರ ಕಸುಬು ಇರುವುದೇ ಜಂತೆ ಎಣಿಸುವುದರಲ್ಲಿ. 1932–33ರಲ್ಲಿ ಉಕ್ರೇನ್, ಕಜಾಕ್‌ಸ್ತಾನ ಮತ್ತು ವೋಲ್ಗಾ ಸೀಮೆಗಳಲ್ಲಿ ಇನ್ನೊಂದು ಬರಗಾಲ ಬಂತು. ಸಾಮೂಹಿಕ ಬೇಸಾಯದ ಬಲವಂತ ಮತ್ತು ದವಸದ ವಸೂಲಿಯಿಂದ ಉಂಟಾದ ಆ ಬರಗಾಲದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಈ ಸಲ ಸರ್ಕಾರ ಬರಗಾಲವೇ ಇಲ್ಲವೆಂದಿತು. ಹನ್ನೊಂದು ವರ್ಷ ಹಿಂದೆ ಅದೇ ವೋಲ್ಗಾ ದಂಡೆಯಲ್ಲಿ ಹಸಿದವರ ನಡುವೆ ಜ್ವರದಿಂದ ಮಲಗಿದ್ದ ಸ್ಟ್ರಾಂಗ್, ಮೊದಲನೆಯದನ್ನು ವರದಿ ಮಾಡಿದ ಹಾಗೆ ಇದನ್ನು ವರದಿ ಮಾಡಲಿಲ್ಲ. ಸಾಮೂಹಿಕ ಬೇಸಾಯವನ್ನು ಗೋಧಿಯ ಮೇಲೆ ಗೆದ್ದ ವಿಜಯವೆಂದೇ ಅವರು ಬರೆದಿದ್ದರು, ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅವರ ವೃತ್ತಿಜೀವನದ ಅತಿ ದೊಡ್ಡ ಕಳಂಕ ಇದು ಎಂದು ನನ್ನ ತೀರ್ಪು.

ಆದರೆ ಇದನ್ನು ಎಡಪಂಥೀಯ ನಂಬಿಕೆಯೊಂದರ ತಲೆಗೆ ಕಟ್ಟಿ ಮುಂದೆ ಹೋಗಬೇಡಿ. ‘ನ್ಯೂಯಾರ್ಕ್ ಟೈಮ್ಸ್’ನ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿ ಯಾವ ಚಳವಳಿಯ ಕಾರ್ಯಕರ್ತನೂ ಆಗಿರಲಿಲ್ಲ. 1932ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಆತನೂ ಬರಗಾಲವನ್ನು ಅಲ್ಲಗಳೆದ, ಅದೂ ಸ್ಟ್ರಾಂಗ್‌ಗಿಂತ ಹೆಚ್ಚು ಓದುಗರ ಮುಂದೆ. ಅದನ್ನು ಬಯಲಿಗೆಳೆದವನು ವೇಲ್ಸ್‌ನ ಯುವ ಪತ್ರಕರ್ತ ಗ್ಯಾರೆತ್ ಜೋನ್ಸ್. ಉಕ್ರೇನಿನ ಹಳ್ಳಿಗಳಲ್ಲಿ ನಡೆದಾಡಿ ಬಂದು, 1933ರ ಮಾರ್ಚಿನಲ್ಲಿ ಆತ ಕಂಡದ್ದನ್ನು ಬಾಯಿಬಿಟ್ಟು ಹೇಳಿದ್ದು ಬರ್ಲಿನ್ನಿನಲ್ಲಿ, ಗಡಿ ದಾಟಿದ ಮೇಲೆ. ಆತನಿಗೆ ಮಾಸ್ಕೋದಲ್ಲಿ ಮನೆ ಇರಲಿಲ್ಲ, ಕಚೇರಿ ಇರಲಿಲ್ಲ, ಮುಂದಿನ ತಿಂಗಳ ವೀಸಾದ ಚಿಂತೆ ಇರಲಿಲ್ಲ. ಅಲ್ಲಿಯೇ ನೆಲೆಸಿದ್ದ ವರದಿಗಾರರಲ್ಲಿ ಬಹಳ ಮಂದಿ, ಬಲಪಂಥೀಯ ಪತ್ರಿಕೆಗಳವರೂ ಸೇರಿ, ಸೆನ್ಸಾರಿನ ಕತ್ತರಿಗೆ ಅಂಜಿ ಸುತ್ತುಬಳಸಿ ಬರೆದರು. ಸ್ಟ್ರಾಂಗ್ ಅವರ ಸಂದರ್ಭದಲ್ಲಿ ನಂಬಿಕೆಯೂ ಅವಲಂಬನೆಯೂ ಒಂದೇ ಕಡೆಗೆ ಎಳೆದವು, ಅಷ್ಟೇ.

1937–38ರ ಮಹಾ ಬಂಧನಗಳ ಕಾಲದಲ್ಲಿ ಅವರು ಹೆಚ್ಚಾಗಿ ಹೊರಗೇ ಇದ್ದರು: ಸ್ಪೇನಿನ ಅಂತರ್ಯುದ್ಧ, ಜಪಾನಿನ ದಾಳಿಗೆ ಸಿಕ್ಕ ಚೀನಾ, ಅಮೆರಿಕದ ಉಪನ್ಯಾಸಗಳು. ಸೋವಿಯತ್ ಕೃಷಿ ಪತ್ರಕರ್ತನಾಗಿದ್ದ ಪತಿ ಜೋಯೆಲ್ ಶೂಬಿನ್ 1942ರಲ್ಲಿ ತೀರಿಕೊಂಡ. ಆ ಹೊತ್ತಿಗೆ ಅವರ ಕಣ್ಣು ಚೀನಾದ ಕಡೆಗೆ ತಿರುಗತೊಡಗಿತ್ತು. ಚೀನಾ ಅವರಿಗೆ ಹೊಸದಲ್ಲ; 1927ರಲ್ಲಿ ಅಲ್ಲಿನ ಕ್ರಾಂತಿ ಮುರಿದುಬಿದ್ದಾಗ ಬೊರೊದಿನ್‌ನ ತಂಡದ ಜೊತೆ ಮೋಟಾರುಗಳಲ್ಲಿ ಗೋಬಿ ಮರುಭೂಮಿ ದಾಟಿ ಮಂಗೋಲಿಯಾದ ಮೂಲಕ ಹಿಮ್ಮೆಟ್ಟಿದವರಲ್ಲಿ ಅವರೂ ಒಬ್ಬರು.

ಈಗ ಅವರ ಅತ್ಯುತ್ತಮ ಕೆಲಸಕ್ಕೆ ಬರೋಣ. 1946ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅವರು ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನ್ ತಲುಪಿದರು. ಒಣ ಹಳದಿ ಮಣ್ಣಿನ ಗುಡ್ಡಗಳಲ್ಲಿ ಕೊರೆದ ಗುಹೆಗಳೇ ಅಲ್ಲಿನ ಮನೆ, ಕಚೇರಿ, ಆಸ್ಪತ್ರೆ. ಶನಿವಾರ ಸಂಜೆ ನಾಯಕರೂ ಕುಣಿಯುತ್ತಿದ್ದರು. ಆಗಸ್ಟ್ 6ರಂದು ಮಾವೋ ತನ್ನ ಗುಹೆಯ ಮುಂದಿನ ಮಣ್ಣಿನ ಜಗಲಿಯಲ್ಲಿ, ಸೇಬಿನ ಮರದಡಿಯಲ್ಲಿ ಕುಳಿತು ಅವರೊಂದಿಗೆ ದೀರ್ಘವಾಗಿ ಮಾತನಾಡಿದ. ಪಕ್ಷದ ಪ್ರಚಾರ ವಿಭಾಗದ ಮುಖ್ಯಸ್ಥ ಲು ದಿಂಗ್‌ಯಿ ಮತ್ತು ಅಮೆರಿಕ ಮೂಲದ ವೈದ್ಯ ಮಾ ಹೈದೆ ದುಭಾಷಿಗಳು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಯುದ್ಧ ಆಗುವುದೇ ಎಂದು ಸ್ಟ್ರಾಂಗ್ ಕೇಳಿದರು. ಮಾವೋ ಮೇಜಿನ ಮೇಲಿದ್ದ ಚಹಾದ ಬಟ್ಟಲುಗಳನ್ನೂ ಮದ್ಯದ ಸಣ್ಣ ಬಟ್ಟಲುಗಳನ್ನೂ ಜೋಡಿಸಿ ಯಾವ ಶಕ್ತಿ ಎಲ್ಲಿ ನಿಂತಿದೆ, ನಡುವೆ ಯಾರಿದ್ದಾರೆ ಎಂದು ತೋರಿಸಿದ. ಅಣುಬಾಂಬ್ ಹಾಕಿದರೆ ಎಂದು ಕೇಳಿದರು. ಅದು ಜನರನ್ನು ಹೆದರಿಸಲು ಪ್ರತಿಗಾಮಿಗಳು ಬಳಸುವ ಕಾಗದದ ಹುಲಿ ಎಂಬ ಉತ್ತರ ಬಂತು. ಹಿರೋಶಿಮಾದ ಮೇಲೆ ಬಾಂಬ್ ಬಿದ್ದು ಅಂದಿಗೆ ಸರಿಯಾಗಿ ಒಂದು ವರ್ಷ. ಕಾಗದದ ಹುಲಿ ಎಂಬ ಮಾತು ಅಲ್ಲಿಂದ ಜಗತ್ತಿನ ರಾಜಕೀಯ ಭಾಷಣಗಳಿಗೆಲ್ಲ ಹರಡಿತು.

ಈ ಸಂದರ್ಶನ ಏಕೆ ಉಳಿಯಿತು? ಸ್ಟ್ರಾಂಗ್ ಆಗಲೂ ಬೆಂಬಲಿಗರೇ. ಬೆಂಬಲಿಗರಲ್ಲದವರನ್ನು ಮಾವೋ ಅಷ್ಟು ಹೊತ್ತು ಕೂರಿಸಿಕೊಳ್ಳುತ್ತಿರಲಿಲ್ಲ ಎಂಬುದೂ ನಿಜ; ಒಲವು ಇಲ್ಲಿ ಬಾಗಿಲು ತೆರೆಯಿತು. ಆದರೆ ಮಾತನಾಡುತ್ತಿದ್ದವನು ಇನ್ನೂ ಗೆದ್ದಿರಲಿಲ್ಲ, ಅವನಿಗೆ ಹೊರಗಿನ ಜಗತ್ತಿಗೆ ತನ್ನ ಲೆಕ್ಕಾಚಾರ ತಿಳಿಸುವ ಅಗತ್ಯವಿತ್ತು. ಕೇಳುತ್ತಿದ್ದವರಿಗೆ ಅಮೆರಿಕದಲ್ಲಿ ಪ್ರಕಾಶಕರೂ ಪತ್ರಿಕೆಗಳೂ ಸಭಾಂಗಣಗಳೂ ಇದ್ದವು. ಹೀಗಾಗಿ ಪ್ರಶ್ನೆಗಳು ಪ್ರಶ್ನೆಗಳಾಗಿಯೇ ಇದ್ದವು. 1947ರ ಆರಂಭದಲ್ಲಿ ಕಮ್ಯುನಿಸ್ಟರ ವೈರಿಯಾಗಿದ್ದ ರಾಷ್ಟ್ರೀಯವಾದಿ ನಾಯಕ ಚಿಯಾಂಗ್ ಕೈಶೇಕ್‌ನ ಸೈನ್ಯ ಹತ್ತಿರವಾಗುತ್ತಿದ್ದಂತೆ ಸ್ಟ್ರಾಂಗ್ ಯೆನಾನ್ ಬಿಡಬೇಕಾಯಿತು. ಅಲ್ಲೇ ಉಳಿಯುವ ಆಸೆ ಅವರಿಗಿತ್ತು, ಆದರೆ ಹೊತ್ತೊಯ್ದ ಟಿಪ್ಪಣಿಗಳನ್ನು ಹೊರಜಗತ್ತಿಗೆ ಮುಟ್ಟಿಸುವುದೇ ಅವರಿಂದ ಚೀನೀ ನಾಯಕರು ಬಯಸಿದ್ದ ಕೆಲಸವಾಗಿತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಮತ್ತೆ ಚೀನಾಕ್ಕೆ ಹೋಗಬೇಕೆಂದು ಮಾಸ್ಕೋದಲ್ಲಿ ಅನುಮತಿಗಾಗಿ ಕಾಯುತ್ತಿದ್ದ ಸ್ಟ್ರಾಂಗ್ ಅವರನ್ನು 1949ರ ಫೆಬ್ರವರಿಯಲ್ಲಿ ಬಂಧಿಸಿ, ಲುಬ್ಯಾಂಕಾ ಸೆರೆಮನೆಯಲ್ಲಿ ಕೆಲವು ದಿನ ಇಟ್ಟು, ಗೂಢಚಾರಿಣಿ ಎಂದು ಘೋಷಿಸಿ, ಪೋಲೆಂಡಿನ ಗಡಿಯ ಆಚೆಗೆ ದಾಟಿಸಿದರು. ಚೀನಾದ ಕ್ರಾಂತಿ ಮಾಸ್ಕೋದ ಹತೋಟಿಗೆ ಸಿಗದೆ ಗೆಲ್ಲುತ್ತಿದ್ದ ಕಾಲವದು, ಯುಗೊಸ್ಲಾವಿಯಾದ ಟಿಟೊ ಆಗಲೇ ಸ್ಟಾಲಿನ್‌ನಿಂದ ಬೇರೆಯಾಗಿದ್ದ; ಮಾವೋನನ್ನು ಸ್ವತಂತ್ರ ಚಿಂತಕನೆಂದು ಎತ್ತಿ ಹಿಡಿಯುತ್ತಿದ್ದ ಅಮೆರಿಕನ್ ಮಹಿಳೆ ಯಾರ ಅನುಮಾನಕ್ಕೆ ಗುರಿಯಾದರೆಂದು ಊಹಿಸಬಹುದು. ಬೊರೊದಿನ್ ಕೂಡ ಆ ವರ್ಷವೇ ಬಂಧಿತನಾಗಿ 1951ರಲ್ಲಿ ಸೆರೆಶಿಬಿರದಲ್ಲಿ ಸತ್ತ. ‘ಮಾಸ್ಕೋ ನ್ಯೂಸ್’ ಮುಚ್ಚಿತು. ಚೀನಾದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ ಸಿಡ್ನಿ ರಿಟನ್‌ಬರ್ಗ್ ಇದೇ ಪ್ರಕರಣದ ನೆರಳಿನಲ್ಲಿ ಅಲ್ಲಿ ಆರು ವರ್ಷ ಸೆರೆವಾಸ ಅನುಭವಿಸಿದ. ಅಮೆರಿಕಕ್ಕೆ ಮರಳಿದ ಸ್ಟ್ರಾಂಗ್ ಅವರನ್ನು ಸರ್ಕಾರ ಕಮ್ಯುನಿಸ್ಟ್ ಎಂದು ಹಿಂಬಾಲಿಸಿತು, ಕಮ್ಯುನಿಸ್ಟರು ಗೂಢಚಾರಿಣಿ ಎಂದು ದೂರವಿಟ್ಟರು. ಮಾಸ್ಕೋ ಆ ಆರೋಪಕ್ಕೆ ಆಧಾರವಿರಲಿಲ್ಲವೆಂದು ಒಪ್ಪಿಕೊಂಡದ್ದು 1955ರಲ್ಲಿ. ಅವರು ಬಯಸಿ ಕಾದಿದ್ದ ಚೀನಾದ ಗೆಲುವು ಅವರಿಲ್ಲದೆಯೇ ನಡೆದುಹೋಯಿತು.

ಅವರಂತೆಯೇ ನಂಬಿ ಹೋದವರಲ್ಲಿ ತಿರುಗಿಬಿದ್ದವರು ಬೇಕಾದಷ್ಟಿದ್ದಾರೆ. ಯುನೈಟೆಡ್ ಪ್ರೆಸ್‌ನ ಯೂಜೀನ್ ಲಯನ್ಸ್ ಮಾಸ್ಕೋದಿಂದ ಮರಳಿ ಕಟು ವಿಮರ್ಶಕನಾದ. ಬ್ರಿಟನ್ನಿನ ಫ್ರೀಡಾ ಅಟ್ಲಿ ರಷ್ಯನ್ ಪತಿಯನ್ನು ಸ್ಟಾಲಿನ್‌ನ ಸೆರೆಶಿಬಿರಕ್ಕೆ ಕಳೆದುಕೊಂಡು ಜೀವನವಿಡೀ ಕಮ್ಯುನಿಸಂ ವಿರುದ್ಧ ಬರೆದರು. ಸ್ಟ್ರಾಂಗ್ ಹಾಗೆ ಮಾಡಲಿಲ್ಲ. ತನ್ನ ಬಂಧನದ ಕಥೆಯನ್ನು ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಅವರು ಬರೆದುಕೊಟ್ಟರು ನಿಜ, ಆದರೆ ಅದರಲ್ಲೂ ಸೋವಿಯತ್ ವ್ಯವಸ್ಥೆಯನ್ನು ಹಳಿಯಲಿಲ್ಲ; ನಡೆದದ್ದು ಪೊಲೀಸರ ತಪ್ಪು, ಸಮಾಜವಾದದ ತಪ್ಪಲ್ಲ ಎಂಬ ಧೋರಣೆ. 1956ರಲ್ಲಿ ಸ್ಟಾಲಿನ್ ಯುಗವನ್ನು ಕುರಿತು ಅವರು ಬರೆದ ಪುಸ್ತಕದಲ್ಲಿ ಮೂವತ್ತರ ದಶಕದ ಬಂಧನಗಳ ಅಧ್ಯಾಯಕ್ಕೆ ‘ಮಹಾ ಹುಚ್ಚು’ ಎಂಬರ್ಥದ ಶೀರ್ಷಿಕೆ ಕೊಟ್ಟರು. ಹುಚ್ಚು ಎಂದರೆ ರೋಗ. ರೋಗ ಬಂದರೆ ವಾಸಿಯೂ ಆಗುತ್ತದೆ, ದೇಹವನ್ನೇ ದೂಷಿಸಬೇಕಿಲ್ಲ. ನನ್ನ ಓದಿನ ಪ್ರಕಾರ ಅವರ ನಿಷ್ಠೆ ಒಂದು ಸರ್ಕಾರಕ್ಕಿಂತ ಹೆಚ್ಚಾಗಿ ತನ್ನದೇ ಜೀವನದ ಲೆಕ್ಕಕ್ಕೆ ಕಟ್ಟುಬಿದ್ದಿತ್ತು. ಸಿಯಾಟಲ್, ಹಳೆಯ ಗೆಳೆಯರು, ಗೌರವದ ಸ್ಥಾನ ಎಲ್ಲವನ್ನೂ ಒಂದು ನಂಬಿಕೆಗಾಗಿ ಬಿಟ್ಟು ಬಂದವರಿಗೆ 63ನೆಯ ವಯಸ್ಸಿನಲ್ಲಿ ಆ ನಂಬಿಕೆಯೇ ತಪ್ಪೆಂದು ಹೇಳಿಕೊಳ್ಳುವುದು ಸುಲಭವಲ್ಲ. ಅದರ ಜೊತೆಗೆ, ಅವರ ವಿಚಾರದಲ್ಲಿ ಹೋಗಲು ಇನ್ನೊಂದು ಕ್ರಾಂತಿ ಸಿದ್ಧವಾಗಿತ್ತು. ಲಯನ್ಸ್‌ಗೆ ಅಂಥ ಎರಡನೆಯ ವಿಳಾಸ ಇರಲಿಲ್ಲ.

ಅಮೆರಿಕದ ಪಾಸ್‌ಪೋರ್ಟ್ ಸಿಕ್ಕ ಮೇಲೆ, 1958ರಲ್ಲಿ, 72ನೆಯ ವಯಸ್ಸಿನಲ್ಲಿ ಅವರು ಬೀಜಿಂಗ್‌ಗೆ ಹೋದರು, ಮತ್ತೆ ತವರಿಗೆ ಮರಳಿ ನೆಲೆಸಲಿಲ್ಲ. ಈಗ ಅವರು ಪೂರ್ತಿ ಅತಿಥಿ. ವಸತಿ, ಸಹಾಯಕರು, ದುಭಾಷಿಗಳು, ಪ್ರವಾಸ ಎಲ್ಲವೂ ಆತಿಥೇಯರ ಕಡೆಯಿಂದ. ಉಪನ್ಯಾಸದ ಸಭಿಕರಿಲ್ಲ, ತಕರಾರು ತೆಗೆಯುವ ಅಮೆರಿಕನ್ ಸಂಪಾದಕರಿಲ್ಲ. ಬರಹ ಬತ್ತಿದ್ದು ಇಲ್ಲಿಯೇ. ಹಳ್ಳಿಗಳ ಬೇಸಾಯ, ಬದುಕುಗಳನ್ನು ಒಟ್ಟುಗೂಡಿಸಿದ ಜನತಾ ಕಮ್ಯೂನುಗಳ ಏಳಿಗೆಯನ್ನು ಕುರಿತು ಅವರು ಪುಸ್ತಕ ಬರೆದ ಬೆನ್ನಿಗೇ ಚೀನಾದ ಹಳ್ಳಿಗಳಲ್ಲಿ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಎಂದು ಅಂದಾಜಿಸಲಾಗಿರುವಷ್ಟು ಜನ ಹಸಿವಿನಿಂದ ಸತ್ತರು. ಅದು ಅವರ ಬರಹದಲ್ಲಿ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಅವರಿಗಿಂತ ಹೆಚ್ಚು ಎಚ್ಚರದ ವರದಿಗಾರನೆನಿಸಿದ್ದ ಎಡ್ಗರ್ ಸ್ನೋ ಕೂಡ 1960ರಲ್ಲಿ ಚೀನಾ ಸುತ್ತಿ ಬಂದು ಬರಗಾಲ ಕಾಣಲಿಲ್ಲವೆಂದ.

ಟಿಬೆಟ್‌ನ ವಿಷಯದಲ್ಲಿ ಕನ್ನಡದ ಓದುಗರಿಗೆ ಒಂದು ವಿಶೇಷ ಅನುಕೂಲವಿದೆ. 1959ರ ಮಾರ್ಚಿನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು ದಲೈ ಲಾಮಾ ಭಾರತಕ್ಕೆ ಬಂದ ಕೆಲವೇ ತಿಂಗಳಲ್ಲಿ, ಚೀನಾ ಸರ್ಕಾರ ಕರೆದೊಯ್ದ ವಿದೇಶಿ ಪತ್ರಕರ್ತರ ತಂಡದಲ್ಲಿ 73ರ ಸ್ಟ್ರಾಂಗ್ ಲ್ಹಾಸಾಕ್ಕೆ ಹೋದರು. ಜೀತದಾಳುಗಳು ಎದ್ದುನಿಂತ ಕಥೆಯಾಗಿ ಅದನ್ನು ಪುಸ್ತಕ ಮಾಡಿದರು. ಹಳೆಯ ಟಿಬೆಟ್‌ನಲ್ಲಿ ಮಠಗಳಿಗೂ ಜಮೀನುದಾರ ಮನೆತನಗಳಿಗೂ ಕಟ್ಟುಬಿದ್ದ ರೈತರಿದ್ದರು ಎಂಬುದು ಅವರ ಕಲ್ಪನೆಯೇನಲ್ಲ. ಆದರೆ ಅವರಿಗೆ ಟಿಬೆಟನ್ ಭಾಷೆ ತಿಳಿದಿರಲಿಲ್ಲ, ಯಾರನ್ನು ಮಾತನಾಡಿಸಬೇಕೆಂಬುದು ಆತಿಥೇಯರ ಆಯ್ಕೆಯಾಗಿತ್ತು, ದುಭಾಷಿಗಳೂ ಅವರ ಕಡೆಯವರು. ಊರು ಬಿಟ್ಟು ಓಡಿದವರ ಮಾತು ಆ ಪುಸ್ತಕದಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಅದು ಅಚ್ಚಾಗುತ್ತಿದ್ದ ಹೊತ್ತಿಗೇ ಅಂಥವರ ಪುನರ್ವಸತಿಗಾಗಿ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟು, ಕಾಡು ಕಡಿದು ಹೊಲ ಮಾಡುವ ಕೆಲಸ ನಡೆದಿತ್ತು. ಅವರಲ್ಲಿ ಬಹಳ ಮಂದಿ ಸ್ಟ್ರಾಂಗ್ ಬಿಡುಗಡೆಯಾದರೆಂದು ಬರೆದ ಸಾಮಾನ್ಯ ರೈತರು, ಪಶುಪಾಲಕರು. ಆ ತಲೆಮಾರಿನ ನೆನಪುಗಳು ಬೈಲುಕುಪ್ಪೆಯಲ್ಲಿ ಇನ್ನೂ ಕುಟುಂಬಗಳ ಬಾಯಲ್ಲಿವೆ. ಪುಸ್ತಕವನ್ನೂ ಆ ನೆನಪುಗಳನ್ನೂ ಎದುರುಬದುರು ಇಟ್ಟು ಒಂದು ಅಧ್ಯಾಯ ಬರೆದರೆ ನಿಮ್ಮ ಪ್ರಬಂಧಕ್ಕೆ ಬೇರೆಲ್ಲೂ ಇಲ್ಲದ ಬೆಲೆ ಬರುತ್ತದೆ.

ಚೀನಾದಲ್ಲಿ ಸ್ಟ್ರಾಂಗ್, ಸ್ನೋ ಮತ್ತು ಆಗ್ನೆಸ್ ಸ್ಮೆಡ್ಲಿ ಈ ಮೂವರು ಅಮೆರಿಕನ್ ಪತ್ರಕರ್ತರನ್ನು ಒಟ್ಟಿಗೆ ಸ್ಮರಿಸುತ್ತಾರೆ. 1985ರಲ್ಲಿ ಮೂವರ ಅಂಚೆಚೀಟಿಗಳೂ ಬಂದವು. ಹೋಲಿಕೆಗೆ ಸ್ಮೆಡ್ಲಿಯವರನ್ನೂ ನೋಡಿ. ಭಾರತದ ಕ್ರಾಂತಿಕಾರಿಗಳಿಗೆ ನೆರವಾದುದಕ್ಕಾಗಿ 1918ರಲ್ಲಿ ನ್ಯೂಯಾರ್ಕಿನಲ್ಲಿ ಸೆರೆಯಾದ ಅವರು, ಬರ್ಲಿನ್ನಿನಲ್ಲಿ ವೀರೇಂದ್ರನಾಥ ಚಟ್ಟೋಪಾಧ್ಯಾಯರೊಂದಿಗೆ ವರ್ಷಗಟ್ಟಲೆ ಬಾಳಿದರು. ವೀರೇಂದ್ರನಾಥರು ಸರೋಜಿನಿ ನಾಯ್ಡು ಅವರ ತಮ್ಮ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಭಾವ. 1937ರಲ್ಲಿ ಸೋವಿಯತ್ ಪೊಲೀಸರ ಗುಂಡಿಗೆ ಬಲಿಯಾದರು. ಸ್ಮೆಡ್ಲಿ ಚೀನೀ ಕಮ್ಯುನಿಸ್ಟರನ್ನು ಎಷ್ಟು ಪ್ರೀತಿಸಿದರೂ ಆ ಪಕ್ಷ ಅಧಿಕಾರ ಹಿಡಿದ ಮರುವರ್ಷವೇ, 1950ರಲ್ಲಿ, ತೀರಿಕೊಂಡರು. ಸರ್ಕಾರದ ಅತಿಥಿಯಾಗಿ ಬರೆಯುವ ಪರೀಕ್ಷೆ ಅವರಿಗೆ ಎದುರಾಗಲೇ ಇಲ್ಲ. ಅವರ ಹೆಸರು ಹೆಚ್ಚು ಹೊಳೆಯುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಕೊನೆಯದಾಗಿ ಆಕರದ ಪ್ರಶ್ನೆ. ಬಳಸಬಹುದು, ಆದರೆ ಯಾವುದಕ್ಕೆ ಆಕರ ಎಂಬುದನ್ನು ನಿರ್ಧರಿಸಿಕೊಂಡು ಬಳಸಿ. ಸಿಯಾಟಲ್‌ನ ಬರಹಗಳು, ಸಮಾರಾ ವರದಿಗಳು ಮತ್ತು ಯೆನಾನ್ ಟಿಪ್ಪಣಿಗಳು ನಡೆದ ಘಟನೆಗಳಿಗೇ ಆಕರವಾಗಬಲ್ಲವು. ಯೆನಾನ್ ಸಂದರ್ಶನಕ್ಕೆ ಮಾತ್ರ, ಮಾವೋ ಆಯ್ದ ಕೃತಿಗಳ ನಾಲ್ಕನೆಯ ಸಂಪುಟದಲ್ಲಿರುವುದು ಅಧಿಕೃತ ಪಾಠ ಎಂಬುದನ್ನು ನೆನಪಿಟ್ಟು ಸ್ಟ್ರಾಂಗ್ ಅವರೇ ಪ್ರಕಟಿಸಿದ ಪಾಠದೊಂದಿಗೆ ಹೋಲಿಸಿ. ಮೂವತ್ತರ ದಶಕದ ಮಾಸ್ಕೋ ಪುಸ್ತಕಗಳನ್ನು ಕೃಷಿಯ ಸ್ಥಿತಿಗೆ ಆಕರವಾಗಿ ಉದ್ಧರಿಸಬೇಡಿ. ವಿದ್ಯಾವಂತ ಬೆಂಬಲಿಗ ಮಹಿಳೆಯೊಬ್ಬಳು ತನ್ನನ್ನು ತಾನು ಹೇಗೆ ಒಪ್ಪಿಸಿಕೊಂಡಳು ಎಂಬುದಕ್ಕೆ ಅವು ಅಮೂಲ್ಯ ದಾಖಲೆ. 1962ರಿಂದ ಬೀಜಿಂಗ್‌ನಿಂದ ಅವರು ಹೊರತಂದ ‘ಲೆಟರ್ಸ್ ಫ್ರಮ್ ಚೈನಾ’ ಪತ್ರಗಳನ್ನು, ಆಯಾ ತಿಂಗಳು ಚೀನಾ ಸರ್ಕಾರ ವಿದೇಶಿ ಓದುಗರು ಏನನ್ನು ನಂಬಬೇಕೆಂದು ಬಯಸಿತ್ತು ಎಂಬುದಕ್ಕೆ ಬಳಸಿ. ಮಾಸ್ಕೋ–ಬೀಜಿಂಗ್ ಬಿರುಕು ಮತ್ತು ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಆ ಪತ್ರಗಳು ಅಧಿಕೃತ ಹೇಳಿಕೆಗಳಿಗಿಂತ ಸಲೀಸಾಗಿ ಓದಿಸಿಕೊಳ್ಳುತ್ತವೆ.

ಪತ್ರಗಳ ಕೊನೆಯ ವರ್ಷಗಳನ್ನು ವಿಶೇಷವಾಗಿ ಗಮನಿಸಿ. 1965ರಲ್ಲಿ ಅವರ ಎಂಬತ್ತನೆಯ ಹುಟ್ಟುಹಬ್ಬವನ್ನು ಮಾವೋ ಸ್ವತಃ ಶಾಂಘೈನಲ್ಲಿ ಆಚರಿಸಿದ್ದ. ಮರುವರ್ಷ ಸಾಂಸ್ಕೃತಿಕ ಕ್ರಾಂತಿಯ ರೆಡ್ ಗಾರ್ಡ್ ಹುಡುಗರು ಅವರಿಗೆ ಗೌರವ ಸದಸ್ಯತ್ವದ ತೋಳುಪಟ್ಟಿ ಕೊಟ್ಟರು. 1968ರ ಹೊತ್ತಿಗೆ ಅವರ ಬೀಜಿಂಗ್ ಗೆಳೆಯರಲ್ಲಿ ಪತ್ರಕರ್ತ ಇಸ್ರೇಲ್ ಎಪ್‌ಸ್ಟೀನ್ ಸೆರೆಮನೆ ಸೇರಿದ್ದ, ರಿಟನ್‌ಬರ್ಗ್ ಎರಡನೆಯ ಸಲ ಸೇರಿದ್ದ. ಪತ್ರಗಳು ವಿರಳವಾದವು. 1970ರ ಮಾರ್ಚ್ 29ರಂದು ಅವರು ಬೀಜಿಂಗ್‌ನಲ್ಲಿ ತೀರಿಕೊಂಡರು. ಬಾಬಾವೊಶಾನ್ ಕ್ರಾಂತಿಕಾರಿಗಳ ಸ್ಮಶಾನದಲ್ಲಿ ಸಮಾಧಿ ಇದೆ. ಆ ಎರಡು ವರ್ಷಗಳ ಪತ್ರಗಳ ದಿನಾಂಕಗಳನ್ನು ಒಂದು ಸಾಲಿನಲ್ಲಿ, ಗೆಳೆಯರ ಬಂಧನದ ದಿನಾಂಕಗಳನ್ನು ಇನ್ನೊಂದು ಸಾಲಿನಲ್ಲಿ ಬರೆದುಕೊಂಡು, ಯಾವ ಪತ್ರ ಯಾವ ಬಂಧನದ ನಂತರದ್ದು, ಅದರಲ್ಲಿ ಏನು ಬಂದಿಲ್ಲ ಎಂದು ನೋಡುವುದರಿಂದ ನಿಮ್ಮ ಕೆಲಸ ಆರಂಭಿಸಬಹುದು.